ದೊಡ್ಡ ಧಣಿ ಎಂಬ ನಂಬಿಕೆ

ಚಿಕ್ಕ ಕಂಪನಿಯನ್ನು ದೊಡ್ಡ ಕಂಪನಿ ಕೊಂಡಿತೆಂಬ ಸುದ್ದಿ ಬಂದರೆ ಅಲ್ಲಿ ಕೆಲಸ ಮಾಡುವವರ ಮನೆಗಳಲ್ಲಿ ಸಾಮಾನ್ಯವಾಗಿ ಒಂದು ನೆಮ್ಮದಿ ಕಾಣುತ್ತದೆ. ಬೆನ್ನಿಗೆ ದೊಡ್ಡವರು ನಿಂತರು, ಇನ್ನು ತಿಂಗಳ ಸಂಬಳಕ್ಕೆ ಮೋಸವಿಲ್ಲ ಎಂಬ ಲೆಕ್ಕ ಅದು. ವಿಡಿಯೋ ಗೇಮ್ ಉದ್ಯಮದ ಭಾರಿ ಖರೀದಿಗಳಿಗೆ ಸಮರ್ಥನೆಯಾಗಿ ಬಂದದ್ದೂ ಇದೇ ಮಾತು, ತುಸು ಇಸ್ತ್ರಿ ಮಾಡಿದ ಭಾಷೆಯಲ್ಲಿ. 2022ರ ಜನವರಿ ಒಂದೇ ತಿಂಗಳಲ್ಲಿ ಟೇಕ್-ಟೂ ಕಂಪನಿ ಝಿಂಗಾವನ್ನು 1,270 ಕೋಟಿ ಡಾಲರಿಗೂ, ಮೈಕ್ರೋಸಾಫ್ಟ್ ಆಕ್ಟಿವಿಷನ್ ಬ್ಲಿಝಾರ್ಡನ್ನು 6,870 ಕೋಟಿ ಡಾಲರಿಗೂ ಕೊಳ್ಳುವುದಾಗಿ ಪ್ರಕಟಿಸಿದವು. 2025ರ ಸೆಪ್ಟೆಂಬರಿನಲ್ಲಿ ಸೌದಿ ಅರೇಬಿಯಾದ ಸರ್ಕಾರಿ ನಿಧಿ ಇಬ್ಬರು ಪಾಲುದಾರರೊಂದಿಗೆ ಎಲೆಕ್ಟ್ರಾನಿಕ್ ಆರ್ಟ್ಸನ್ನು 5,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಘೋಷಿಸಿತು. ಪ್ರತಿ ಸಲವೂ ಹೇಳಿದ್ದು ಒಂದೇ: ದೊಡ್ಡದಾದಷ್ಟೂ ಸ್ಥಿರತೆ ಹೆಚ್ಚು.

ಈ ವಾದವನ್ನು ಸುಲಭವಾಗಿ ತಳ್ಳಿಹಾಕಬಾರದು. ದೊಡ್ಡ ಆಟವೊಂದನ್ನು ಸಿದ್ಧಪಡಿಸಲು ಇಂದು ನೂರಾರು ಜನರ ಐದಾರು ವರ್ಷದ ದುಡಿಮೆ ಬೇಕು. ಅದು ಮಾರುಕಟ್ಟೆಯಲ್ಲಿ ಸೋತರೆ ಸ್ವತಂತ್ರ ಸ್ಟುಡಿಯೋಗೆ ಎರಡನೆಯ ಅವಕಾಶವೇ ಸಿಗದಿರಬಹುದು. ಹತ್ತು ಆಟ ಕಟ್ಟುವ ಕಂಪನಿಯಲ್ಲಾದರೆ ಮೂರರ ಸೋಲನ್ನು ಒಂದರ ಗೆಲುವು ತುಂಬಿಕೊಡುತ್ತದೆ. ಉದಾಹರಣೆಗಳೂ ಇವೆ. ಡಬಲ್ ಫೈನ್ ಸ್ಟುಡಿಯೋ ತನ್ನ 'ಸೈಕೋನಾಟ್ಸ್ 2' ಆಟದ ಕೆಲವು ಮುಖ್ಯ ಭಾಗಗಳನ್ನು ಹಣವಿಲ್ಲದೆ ಕೈಬಿಡುವ ಸ್ಥಿತಿಯಲ್ಲಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಕೊಂಡ ಮೇಲೆ ಅವನ್ನು ಉಳಿಸಿಕೊಂಡಿತು. 2014ರಲ್ಲಿ ಮಾರಾಟವಾದ ಮೊಜಾಂಗ್‌ನ 'ಮೈನ್‌ಕ್ರಾಫ್ಟ್' ಸೊರಗಲಿಲ್ಲ, ಬೆಳೆಯಿತು. ತಾಳ್ಮೆಯ ಬಂಡವಾಳ ಎಂಬುದು ಬರಿಯ ಕಟ್ಟುಕಥೆಯಲ್ಲ.

ಆದರೂ ಈ ನಂಬಿಕೆಯೊಳಗೆ ಮೂರು ನಾಲ್ಕು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಕಲೆತುಹೋಗಿವೆ. ಅವನ್ನು ಬಿಡಿಸಿ ನೋಡಲು ಗೇಮ್ ಉದ್ಯಮದ ಮೂವತ್ತು ನಲವತ್ತು ವರ್ಷಗಳ ಇತಿಹಾಸ ಸಾಲದು. ಇನ್ನೂ ಉದ್ದದ ದಾಖಲೆ ಬೇಕು, ಮತ್ತು ಅದು ಕರ್ನಾಟಕದಲ್ಲೇ ಇದೆ. ಬಂಗಾರಪೇಟೆಯಿಂದ ಕವಲೊಡೆದ ರೈಲು ಹಳಿಯ ಕೊನೆಯಲ್ಲಿರುವ ಕೋಲಾರ ಚಿನ್ನದ ಗಣಿಗಳು (ಕೆಜಿಎಫ್) ನೂರಿಪ್ಪತ್ತು ವರ್ಷಗಳಲ್ಲಿ ಕಂಡಷ್ಟು ಬಗೆಯ ಒಡೆತನವನ್ನು ನಾಡಿನ ಇನ್ನೊಂದು ಉದ್ಯಮ ಕಂಡಿರುವುದು ಅನುಮಾನ: ಒಬ್ಬ ವ್ಯಕ್ತಿಯ ಪರವಾನಗಿ, ಲಂಡನ್ನಿನ ಬಿಡಿ ಬಿಡಿ ಷೇರು ಕಂಪನಿಗಳು, ಅವೆಲ್ಲಕ್ಕೂ ಒಂದೇ ಆಡಳಿತ ಸಂಸ್ಥೆ, ರಾಜ್ಯ ಸರ್ಕಾರ, ಕೇಂದ್ರದ ಇಲಾಖೆ, ಕೊನೆಗೆ ಸಾರ್ವಜನಿಕ ಉದ್ದಿಮೆ. ಬಂಡೆ ಮಾತ್ರ ಅದೇ. ಹಾಗಾಗಿ ಒಡೆಯ ಬದಲಾದಾಗ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ತಾಳ್ಮೆಯ ವಿಷಯ. 1875ರಲ್ಲಿ ಪರವಾನಗಿ ಪಡೆದ ನಿವೃತ್ತ ಸೈನಿಕ ಮೈಕೆಲ್ ಲವೆಲ್ ಕೈಯಲ್ಲಿ ಬಂಡವಾಳವಿರಲಿಲ್ಲ. ಹಕ್ಕು ಎರಡೇ ವರ್ಷಗಳಲ್ಲಿ ಬೇರೆಯವರ ಕೈಸೇರಿತು. 1880ರ ಸುಮಾರಿಗೆ ಲಂಡನ್ನಿನಲ್ಲಿ ಕೋಲಾರದ ಹೆಸರಿನಲ್ಲಿ ಅನೇಕ ಕಂಪನಿಗಳು ಹುಟ್ಟಿದವು, ಹೆಚ್ಚಿನವು ಹಣ ಕಳೆದುಕೊಂಡವು. ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯೂ 1883ರ ಹೊತ್ತಿಗೆ ಮುಚ್ಚುವ ಸ್ಥಿತಿ ತಲುಪಿತ್ತು. ಆಡಳಿತ ಹೊತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಷೇರುದಾರರನ್ನು ಒಪ್ಪಿಸಿ ಉಳಿದಿದ್ದ ಹಣದಲ್ಲಿ ಇನ್ನೊಂದು ಪ್ರಯತ್ನ ಮಾಡಿಸಿತು. ಸಿರಿವಂತ ಅದಿರಿನ ಪಟ್ಟಿ ಸಿಕ್ಕಿತು. ದೊಡ್ಡ ಧಣಿಯ ಪರ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಬೇಕು, ಏಕೆಂದರೆ ಇಲ್ಲಿ ತಾಳ್ಮೆ ತೋರಿದ್ದು ಗಾತ್ರವಲ್ಲ. ಆ ಕಂಪನಿಗೆ ಕೋಲಾರ ಬಿಟ್ಟರೆ ಬೇರೆ ಗಣಿಯಿರಲಿಲ್ಲ. ಸೋತರೆ ಎಲ್ಲವೂ ಮುಗಿಯುತ್ತದೆ ಎಂಬ ಸ್ಥಿತಿಯಲ್ಲೇ ಇನ್ನೊಮ್ಮೆ ಅಗೆಯುವ ಹಠ ಹುಟ್ಟಿತು. ಇದಕ್ಕೆ ತದ್ವಿರುದ್ಧವಾದದ್ದು ಸೋನಿಯ ಫೈರ್‌ವಾಕ್ ಸ್ಟುಡಿಯೋ ಕಥೆ. 2023ರಲ್ಲಿ ಕೊಂಡ ಸ್ಟುಡಿಯೋದ 'ಕಾಂಕರ್ಡ್' ಆಟ 2024ರ ಆಗಸ್ಟಿನಲ್ಲಿ ಬಿಡುಗಡೆಯಾಯಿತು, ಎರಡು ವಾರಗಳಲ್ಲಿ ಹಿಂದಕ್ಕೆ ಹೋಯಿತು, ಅಕ್ಟೋಬರಿನಲ್ಲಿ ಸ್ಟುಡಿಯೋಗೇ ಬೀಗ ಬಿತ್ತು. ಸೋನಿಗೆ ಹಣದ ಕೊರತೆಯಿರಲಿಲ್ಲ, ಫೈರ್‌ವಾಕ್ ಇಲ್ಲದೆಯೂ ನಡೆಯುತ್ತದೆ ಎಂಬ ಅನುಕೂಲವಿತ್ತು.

ನಂಬಿಕೆಯ ಮೊದಲ ಗೊಂದಲ ಇಲ್ಲಿದೆ. ಹತ್ತು ಸ್ಟುಡಿಯೋಗಳಲ್ಲಿ ಅಪಾಯ ಹಂಚಿಹೋಗುತ್ತದೆ ಎಂಬುದು ನಿಜ, ಆದರೆ ಅದು ಯಾರ ಅಪಾಯ? ಹತ್ತನ್ನೂ ಹಿಡಿದಿರುವ ಷೇರುದಾರನದು. ಒಂದೇ ಸ್ಟುಡಿಯೋದಲ್ಲಿ ಕುಳಿತಿರುವ ಚಿತ್ರಕಾರನ ಅಪಾಯ ಎಲ್ಲೂ ಹಂಚಿಹೋಗುವುದಿಲ್ಲ, ಅವನ ಎಲ್ಲ ದಿನಗಳೂ ಆ ಒಂದರಲ್ಲೇ ಇವೆ. ಅಷ್ಟೇ ಅಲ್ಲ, ಒಡೆಯನ ಬಳಿ ಘಟಕಗಳು ಹೆಚ್ಚಿದಷ್ಟೂ ಒಂದನ್ನು ಕೈಬಿಡುವ ನೋವು ಅವನಿಗೆ ಕಡಿಮೆ. ಮೇಲಿನವನನ್ನು ಸುರಕ್ಷಿತಗೊಳಿಸುವ ವ್ಯವಸ್ಥೆಯೇ ಕೆಳಗಿನವನನ್ನು ಕಳೆಯಬಹುದಾದ ಬಾಬತ್ತಾಗಿಸುತ್ತದೆ. ಮೈಕ್ರೋಸಾಫ್ಟ್–ಆಕ್ಟಿವಿಷನ್ ಖರೀದಿ ಮುಗಿದದ್ದು 2023ರ ಅಕ್ಟೋಬರ್ 13ರಂದು. ಮೂರು ತಿಂಗಳು ಕಳೆದ ಮೇಲೆ, 2024ರ ಜನವರಿಯಲ್ಲಿ, ಗೇಮ್ ವಿಭಾಗದ 22,000 ಉದ್ಯೋಗಿಗಳಲ್ಲಿ 1,900 ಜನರನ್ನು ಕಡಿಮೆ ಮಾಡಲಾಯಿತು. ಲೋಕದ ಅತಿ ಶ್ರೀಮಂತ ಕಂಪನಿಗಳಲ್ಲೊಂದು ಅದು. ಸಂಬಳ ಕೊಡಲಾಗದೆ ಮಾಡಿದ ಕೆಲಸವಲ್ಲ. ಕೊಂಡ ಬೆಲೆಯೇ ಒಂದು ಹೊರೆ. ಅದನ್ನು ಹಿಂದಕ್ಕೆ ದುಡಿದುಕೊಡಬೇಕಾದ ಹೆಗಲು ಕೊಂಡವನದಲ್ಲ, ಕೊಳ್ಳಲ್ಪಟ್ಟವನದು. ಎಲೆಕ್ಟ್ರಾನಿಕ್ ಆರ್ಟ್ಸ್ ಒಪ್ಪಂದದಲ್ಲಂತೂ 2,000 ಕೋಟಿ ಡಾಲರ್ ಸಾಲದ ಹಣ.

ಎರಡನೆಯದು ಗಾತ್ರ ಮತ್ತು ಒಡೆತನ ಇವೆರಡನ್ನು ಒಂದೇ ಎಂದುಕೊಳ್ಳುವುದು. ದೊಡ್ಡ ಪ್ರಮಾಣದಲ್ಲಿ ಮಾಡಿದರೆ ಅಗ್ಗವಾಗುವ ಕೆಲಸಗಳಿವೆ: ವಿದ್ಯುತ್, ನೀರು, ಆಸ್ಪತ್ರೆ, ಗೇಮ್ ಲೋಕದಲ್ಲಾದರೆ ಸರ್ವರ್, ಆಟ ಕಟ್ಟುವ ಎಂಜಿನ್, ಮಾರಾಟದ ಜಾಲ. ಇವು ಬೇಕೆಂದರೆ ಎಲ್ಲರೂ ಒಬ್ಬನ ಆಳಾಗಬೇಕೆ? ಕೆಜಿಎಫ್‌ನಲ್ಲಿ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಕಂಪನಿಗಳಿಗೆ ಬೇರೆ ಬೇರೆ ಷೇರುದಾರರಿದ್ದರು, ಬೇರೆ ಬೇರೆ ಲೆಕ್ಕಪುಸ್ತಕಗಳಿದ್ದವು. ಅವುಗಳ ಬೆಳವಣಿಗೆಗೆ ದೊಡ್ಡ ನೂಕು ಕೊಟ್ಟದ್ದು 1902ರ ಜೂನ್ 30ರಂದು ಶಿವನಸಮುದ್ರದಿಂದ ಹರಿದುಬಂದ ವಿದ್ಯುತ್. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅದನ್ನು ಒದಗಿಸಿದ್ದು ಮೈಸೂರು ಸರ್ಕಾರ, ಗಣಿ ಕಂಪನಿಗಳಲ್ಲ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಬಂದ ರೈಲೂ, ಬೇತಮಂಗಲದಿಂದ ಬಂದ ಪಾಲಾರ್ ನೀರೂ ಎಲ್ಲ ಗಣಿಗಳಿಗೂ ಸೇರಿದ್ದವು. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಒಂದು ಕಂಪನಿ ಅದಿರು ಕಂಡುಕೊಂಡ ಮೇಲೆಯೇ ಉಳಿದವು ಅದೇ ಪಟ್ಟಿಯ ಜಾಡು ಹಿಡಿದು ಚೇತರಿಸಿಕೊಂಡವು. ಎಲ್ಲ ಪರವಾನಗಿಯೂ ಒಬ್ಬನ ಕೈಲಿದ್ದು, ಆತ 1883ರಲ್ಲಿ 'ಸಾಕು' ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. 'ಇನ್ನೊಂದು ಸಲ ನೋಡೋಣ' ಎನ್ನಬಲ್ಲ ಬಾಯಿಗಳು ಹಲವಿದ್ದವು.

ಈ ಮಾತಿಗೊಂದು ತಕರಾರು ಬರುವುದು ಸಹಜ: ಷೇರು ಕಂಪನಿಗಳು ಬೇರೆಯಾಗಿದ್ದರೂ ಎಲ್ಲವನ್ನೂ ನಡೆಸುತ್ತಿದ್ದದ್ದು ಟೇಲರ್ ಸಂಸ್ಥೆಯೇ ಅಲ್ಲವೆ? ಹೌದು. ಆ ಏಕೀಕರಣದ ಬಿಸಿ ತಟ್ಟಿದ್ದು ಯಾರಿಗೆ ಎಂಬುದನ್ನು ನೋಡಿದರೆ ಮೂರನೆಯ ಗೊಂದಲ ಬಿಚ್ಚಿಕೊಳ್ಳುತ್ತದೆ. ಚಿನ್ನದ ಬೆಲೆ ನಿರ್ಧಾರವಾಗುತ್ತಿದ್ದದ್ದು ಹೊರಗೆ, ಅದರ ಮೇಲೆ ಟೇಲರ್ ಸಂಸ್ಥೆಗೆ ಹಿಡಿತವಿರಲಿಲ್ಲ. ಕೂಲಿಯ ಮೇಲಿತ್ತು. ಪಕ್ಕಪಕ್ಕದ ಗಣಿಗಳು ಒಂದನ್ನೊಂದು ಮೀರಿಸಿ ಕೂಲಿ ಕೊಡಬೇಕಾದ ಅಗತ್ಯವೇ ಉಳಿಯಲಿಲ್ಲ. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮ ಬಂದಾಗ ಇಡೀ ಗಣಿಪ್ರದೇಶ ಕೆಲಸ ನಿಲ್ಲಿಸಿತು; ಮುಷ್ಕರ ಮೂರು ವಾರ ನಡೆಯಿತು. ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಮುಷ್ಕರವೇಕೆ ಎಂದು ಹೊರಗಿನವರಿಗೆ ಅನ್ನಿಸಬಹುದು. ಒಂದು ಗೇಟಿನಲ್ಲಿ ಹೊರಬಿದ್ದವನಿಗೆ ಇನ್ನೊಂದು ಗೇಟಿನಲ್ಲಿ ಕೆಲಸ ಕೇಳುವ ದಾರಿ ಇರುವವರೆಗೆ ಅವನ ಕೈಯಲ್ಲಿ ಏನೋ ಒಂದಿಷ್ಟು ಬಲವಿದೆ. ಎಲ್ಲ ಗೇಟುಗಳ ಹಿಂದೆ ಒಂದೇ ಕಡತವಿದ್ದರೆ ಆ ಬಲವಿಲ್ಲ.

ಈಗ ಬೆಂಗಳೂರಿನ ಕಡೆ ತಿರುಗೋಣ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಕಟ್ಟಿದ ಧ್ರುವ ಇಂಟರ್ಯಾಕ್ಟಿವ್ ಭಾರತದ ಮೊದಲ ಗೇಮ್ ಸ್ಟುಡಿಯೋಗಳಲ್ಲೊಂದು. 'ಫೋರ್ಝಾ ಮೋಟರ್‌ಸ್ಪೋರ್ಟ್' ಥರದ ವಿದೇಶಿ ಆಟಗಳಿಗೆ ಚಿತ್ರಕಲೆ ಒದಗಿಸಿ ಹೆಸರಾಯಿತು. 2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಝ್ ಇದನ್ನು ಕೊಳ್ಳುವುದಾಗಿ ಪ್ರಕಟಿಸಿದಾಗ ಎಲ್ಲರೂ ಹಿಗ್ಗಿದರು. 2018ರ ನವೆಂಬರಿನಲ್ಲಿ ಸ್ಟಾರ್‌ಬ್ರೀಝ್‌ನ ಸ್ವಂತ ಆಟವೊಂದು ನೆಲಕಚ್ಚಿತು, ಡಿಸೆಂಬರಿನಲ್ಲಿ ಕಂಪನಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಬೆಂಗಳೂರಿನ ಸ್ಟುಡಿಯೋ ತನ್ನ ಕೆಲಸದಲ್ಲಿ ಎಡವಿರಲಿಲ್ಲ. ಆದರೂ ಒಡೆಯನ ಸಾಲ ತೀರಿಸುವ ಆಸ್ತಿಯಾಗಿ ಅದು ಮಾರಾಟಕ್ಕೆ ಬಂತು. 2019ರ ಮೇ ತಿಂಗಳಲ್ಲಿ 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಗೇಮ್ಸ್ ಕೊಂಡು, ತನ್ನ ಬೆಂಗಳೂರು ಘಟಕದೊಂದಿಗೆ ಸೇರಿಸಿಕೊಂಡಿತು.

ನೋಡಿ, ದೊಡ್ಡವರೇ ಕಾಪಾಡಿದರಲ್ಲ ಎಂದು ನಂಬಿಕೆಯವರು ಹೇಳುತ್ತಾರೆ. ಕಾಪಾಡಿದ್ದು ನಿಜ. ಆದರೆ ಕಾಪಾಡಲು ಸಾಧ್ಯವಾದದ್ದು ಬೇರೊಬ್ಬ ಕೊಳ್ಳುಗನಿದ್ದದ್ದರಿಂದ. ಅಪಾಯ ತಂದದ್ದೂ ಒಂದು ಖರೀದಿ, ಪಾರು ಮಾಡಿದ್ದೂ ಒಂದು ಖರೀದಿ. ಇವೆರಡರ ವ್ಯತ್ಯಾಸ ಮಾರುಕಟ್ಟೆಯಲ್ಲಿ ಬೇರೆ ಬೇರೆ ಒಡೆಯರು ಉಳಿದಿದ್ದರು ಎಂಬುದರಲ್ಲಿದೆ. ಕೊಳ್ಳುವವರೆಲ್ಲ ಒಂದಾಗುತ್ತ ಹೋದರೆ ಎರಡನೆಯ ಬಾಗಿಲು ಇರುವುದಿಲ್ಲ. ರಾಕ್‌ಸ್ಟಾರ್‌ನ ಒಡೆಯ ಟೇಕ್-ಟೂ. 2010ರಿಂದ ಬೆಂಗಳೂರಿನಲ್ಲಿದ್ದ ಝಿಂಗಾ ಸ್ಟುಡಿಯೋ 2022ರಿಂದ ಅದೇ ಟೇಕ್-ಟೂ ಪಾಲಾಗಿದೆ. ಫಲಕ ಎರಡು, ಒಡೆಯ ಒಬ್ಬ. ಅಲ್ಲಿ ಯಾರಿಗೂ ಅನ್ಯಾಯವಾಗಿದೆ ಎಂದು ಇದರ ಅರ್ಥವಲ್ಲ. ಕೆಲಸ ಬದಲಿಸುವ ನಿಜವಾದ ಆಯ್ಕೆಗಳನ್ನು ಫಲಕ ಎಣಿಸಿ ಲೆಕ್ಕಹಾಕಲಾಗದು ಎಂದಷ್ಟೇ.

ಈ ವಾದಕ್ಕೆ ಅತ್ಯಂತ ಬಲವಾದ ಆಕ್ಷೇಪ ಕೆಜಿಎಫ್‌ನ ಚರಿತ್ರೆಯಿಂದಲೇ ಬರುತ್ತದೆ. ಖಾಸಗಿ ಕಂಪನಿಗಳು ಬಿಟ್ಟುಹೋಗುವ ಹೊತ್ತಿಗೆ ಗಣಿಗಳು ಐದರಿಂದ ಮೂರಕ್ಕೆ ಇಳಿದಿದ್ದವು. ಆರಂಭದ ದಶಕದಲ್ಲಿ ಟನ್ನಿಗೆ 40 ಗ್ರಾಂ ಮೀರಿದ್ದ ಚಿನ್ನದ ಪ್ರಮಾಣ ಕುಸಿಯುತ್ತಿತ್ತು, ಚಾಂಪಿಯನ್ ರೀಫ್ ಮೂರು ಕಿಲೋಮೀಟರ್ ಆಳಕ್ಕಿಳಿದು ಬಂಡೆಸಿಡಿತ ನಿತ್ಯದ ಭಯವಾಗಿತ್ತು. 1956ರ ನವೆಂಬರಿನಲ್ಲಿ ಮೈಸೂರು ರಾಜ್ಯ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು, 1962ರ ಡಿಸೆಂಬರಿನಲ್ಲಿ ಕೇಂದ್ರಕ್ಕೆ ಒಪ್ಪಿಸಿತು. ಒಡೆಯರಲ್ಲೆಲ್ಲ ಅತಿ ದೊಡ್ಡವನಾದ ಸರ್ಕಾರ ಸಾಯುತ್ತಿದ್ದ ಗಣಿಗಳನ್ನು ಇನ್ನೂ 44 ವರ್ಷ ನಡೆಸಿತು. ಹಾಗಾದರೆ ದೊಡ್ಡ ಧಣಿ ಎಂದರೆ ಭದ್ರತೆ ಎಂಬುದು ಸಾಬೀತಾಯಿತಲ್ಲ?

ಇಲ್ಲಿ ನಿಧಾನಿಸಬೇಕು. 1962ರ ನಂತರ ಗಣಿಗಳು ಕೇಂದ್ರ ಹಣಕಾಸು ಸಚಿವಾಲಯದಡಿ ಇದ್ದವು. ಅಲ್ಲಿನ ಲೆಕ್ಕದಲ್ಲಿ ಚಿನ್ನವೆಂದರೆ ಮಾರುವ ಸರಕಲ್ಲ, ದೇಶದ ಮೀಸಲು. ಸರ್ಕಾರ ಅದನ್ನು ಪಡೆಯುತ್ತಿದ್ದದ್ದು ಅಧಿಕೃತ ಅಂತರರಾಷ್ಟ್ರೀಯ ದರದಲ್ಲಿ. ಬೆಂಗಳೂರಿನ ಚಿಕ್ಕಪೇಟೆಯ ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಮೇಲಿತ್ತು. ಗಣಿಯ ಪುಸ್ತಕದಲ್ಲಿ ನಷ್ಟ, ದೇಶದ ಖಜಾನೆಯಲ್ಲಿ ಚಿನ್ನ. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಸ್ಥಾಪನೆಯಾಗಿ ಗಣಿ ಖಾತೆಗೆ ಸೇರಿದ ಮೇಲೆ ಅದೇ ಅದಿರು, ಅದೇ ಕಾರ್ಮಿಕರು ಒಂದು ಕಂಪನಿಯ ಲಾಭ–ನಷ್ಟದ ಪಟ್ಟಿಯಾದರು. 1990ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ರದ್ದಾಯಿತು, ಆಮದು ಸಡಿಲವಾಯಿತು, ದೇಶೀಯ ಚಿನ್ನ ತೆಗೆಯಲೇಬೇಕೆಂಬ ಉದ್ದೇಶ ಕರಗಿತು. 1992ರಲ್ಲಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಹೋದ ಕಂಪನಿ 2001ರ ಫೆಬ್ರವರಿ 28ರಂದು ಮುಚ್ಚಿತು. 44 ವರ್ಷ ನಡೆಸಿದ್ದೂ ಇದೇ ಒಡೆಯ, ನಿಲ್ಲಿಸಿದ್ದೂ ಇದೇ ಒಡೆಯ. ಬೊಕ್ಕಸದ ಗಾತ್ರ ಕುಗ್ಗಿರಲಿಲ್ಲ, ಬದಲಾದದ್ದು ಗಣಿಯನ್ನು ಯಾವ ಉದ್ದೇಶಕ್ಕೆ ಇಟ್ಟುಕೊಳ್ಳಬೇಕೆಂಬ ಉತ್ತರ. ಸರ್ಕಾರಕ್ಕಾದರೆ ಮೀಸಲು, ಉದ್ಯೋಗ, ಮತದಾರ ಎಂಬ ಬೇರೆ ಉತ್ತರಗಳಿದ್ದವು. ಗೇಮ್ ಕಂಪನಿಗಳನ್ನು ಒಟ್ಟುಗೂಡಿಸುವ ಹೂಡಿಕೆದಾರನಿಗೆ ಅವು ಯಾವುವೂ ಬೇಕಿಲ್ಲ.

ಅದಿರು ಮುಗಿದ ಮೇಲೆ ಯಾರಿದ್ದರೇನು, ಗಣಿ ಮುಚ್ಚಲೇಬೇಕಿತ್ತಲ್ಲ ಎನ್ನಬಹುದು. ಒಪ್ಪಬೇಕಾದ ಮಾತೇ. ಸುಮಾರು 800 ಟನ್ ಚಿನ್ನ ಕೊಟ್ಟ ಬಂಡೆಯಲ್ಲಿ ಕೊನೆಗೆ ಟನ್ನಿಗೆ ಮೂರು ನಾಲ್ಕು ಗ್ರಾಂ ಉಳಿದಿತ್ತು. ಆದರೆ 'ಮುಗಿದದ್ದು' ಎಂಬುದೂ ಭಾಗಶಃ ಲೆಕ್ಕಪುಸ್ತಕದ ತೀರ್ಮಾನವೇ. ಬೀಗ ಬಿದ್ದಾಗ ಚಿನ್ನದ ಬೆಲೆ ಔನ್ಸಿಗೆ 300 ಡಾಲರಿಗಿಂತ ಕೆಳಗಿತ್ತು. ಈಗ ಅದು ಹತ್ತು ಪಟ್ಟು ಮೀರಿದೆ. ಗಾಳಿ ಬೀಸಿದಾಗ ಊರ ಮೇಲೆ ಧೂಳು ಸುರಿಸುತ್ತ ಕಸವೆನಿಸಿಕೊಂಡಿದ್ದ 13 ಸೈನೈಡ್ ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿದೆ. ಅದಿರಿನ ವಿಷಯದಲ್ಲೇ ಹೀಗಾದರೆ, ಅದಿರೇ ಇಲ್ಲದ ಗೇಮ್ ಉದ್ಯಮದ ಪಾಡೇನು? ಅಲ್ಲಿ ತೆಗೆಯುವುದು ಮನುಷ್ಯರ ಕೌಶಲವನ್ನು, ಅದು ಬಳಸಿದಷ್ಟೂ ಬೆಳೆಯುತ್ತದೆ. ಜಪಾನಿನ ಟ್ಯಾಂಗೋ ಗೇಮ್‌ವರ್ಕ್ಸ್ 2023ರಲ್ಲಿ 'ಹೈ-ಫೈ ರಶ್' ಎಂಬ ಮೆಚ್ಚುಗೆಯ ಆಟ ಕೊಟ್ಟಿತು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಅದನ್ನು ಮುಚ್ಚುವುದಾಗಿ ಹೇಳಿತು. ಆಗಸ್ಟಿನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಅದೇ ತಂಡವನ್ನೂ ಅದೇ ಆಟವನ್ನೂ ತನ್ನದಾಗಿಸಿಕೊಂಡಿತು. ಮೂರು ತಿಂಗಳಲ್ಲಿ ಆ ತಂಡದ ಪ್ರತಿಭೆ ಬತ್ತಿ ಮತ್ತೆ ಚಿಗುರಿತೆಂದು ಯಾರೂ ನಂಬಲಾರರು.

ಕೆಜಿಎಫ್‌ನವರಿಗೆ ಇಂಥ ಕ್ರಾಫ್ಟನ್ ಸಿಗಲಿಲ್ಲ. ಮೂರು ಸಾವಿರಕ್ಕೂ ಹೆಚ್ಚು ಜನ ಒಂದೇ ದಿನ ಕೆಲಸ ಕಳೆದುಕೊಂಡಾಗ ಹತ್ತಿರದಲ್ಲಿ ಇನ್ನೊಂದು ಚಿನ್ನದ ಗಣಿ ಇರಲಿಲ್ಲ. ರಾಜ್ಯ ಸರ್ಕಾರದ ಹಟ್ಟಿ ಗಣಿ ಇರುವುದು ರಾಯಚೂರಿನಲ್ಲಿ. ಉಳಿದ ದಾರಿ ಮಾರಿಕುಪ್ಪಂನಿಂದ ಬಂಗಾರಪೇಟೆ ಹಾದು ಬೆಂಗಳೂರಿಗೆ ಹೋಗುವ ರೈಲು. ಗಣಿಗೆಂದು ಹಾಕಿದ ಹಳಿಯ ಮೇಲೆ ಕತ್ತಲಿರುವಾಗಲೇ ಹೊರಟು ಕತ್ತಲಾದ ಮೇಲೆ ಮರಳುವ ದಿನಚರಿ. ಮುಚ್ಚುವಿಕೆಯ ಖರ್ಚು ಯಾವ ಲೆಕ್ಕಪುಸ್ತಕಕ್ಕೂ ಏರದೆ ಅವರ ದಿನದ ಗಂಟೆಗಳಿಗೆ ವರ್ಗವಾಯಿತು. ಮೂರು ಕಿಲೋಮೀಟರ್ ಆಳದ ಶಿಲೆಯನ್ನು ಬಲ್ಲ ಕೌಶಲವೂ ಹಾಗೆಯೇ ಚದುರಿತು. 1965ರಲ್ಲಿ ಅದೇ ಗಣಿಗಳ ಆಳದ ಸುರಂಗಗಳಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋಗಳನ್ನು ಗುರುತಿಸಿದ್ದರು. ಅಂಥ ಮೌಲ್ಯವನ್ನು ಬರೆದುಕೊಳ್ಳಲು ಚಿನ್ನದ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಹಾಗೆಂದು ಪ್ರತಿಯೊಂದು ಖರೀದಿಯನ್ನೂ ತಡೆಯಬೇಕೆಂಬುದು ಈ ವಾದದ ತೀರ್ಮಾನವಲ್ಲ. ಸ್ವತಂತ್ರ ಸ್ಟುಡಿಯೋಗಳೂ ಮುಚ್ಚುತ್ತವೆ, ಸಣ್ಣ ಧಣಿ ಒಳ್ಳೆಯವನೇ ಆಗಿರಬೇಕೆಂದಿಲ್ಲ. ಪ್ರಶ್ನೆ ಇರುವುದು ಖರೀದಿಗೆ ಒಪ್ಪಿಗೆ ಕೊಡುವವರು ಏನನ್ನು ನೋಡುತ್ತಾರೆ ಎಂಬಲ್ಲಿ. ಭಾರತದಲ್ಲಿ 2024ರ ಸೆಪ್ಟೆಂಬರಿನಿಂದ 2,000 ಕೋಟಿ ರೂಪಾಯಿ ಮೀರಿದ ವ್ಯವಹಾರಗಳು, ಕೊಳ್ಳಲ್ಪಡುವ ಕಂಪನಿಗೆ ಇಲ್ಲಿ ಗಣನೀಯ ವಹಿವಾಟಿದ್ದರೆ, ಸ್ಪರ್ಧಾ ಆಯೋಗದ ಮುಂದೆ ಬರಬೇಕು. ಆಯೋಗ ತೂಗುವುದು ಮುಖ್ಯವಾಗಿ ಸರಕಿನ ಮಾರುಕಟ್ಟೆಯನ್ನು, ದುಡಿಮೆಯ ಮಾರುಕಟ್ಟೆಯನ್ನಲ್ಲ. ಆಗಿನ ದರದಲ್ಲಿ ಸುಮಾರು 55 ಕೋಟಿ ರೂಪಾಯಿಗೆ ಕೈಬದಲಾಯಿಸಿದ ಧ್ರುವದಂಥ ಸ್ಟುಡಿಯೋಗಳು ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ. ಕಾರ್ಮಿಕ ಕಾನೂನಿನಲ್ಲಿ ಇನ್ನೊಂದು ವಿಚಿತ್ರವಿದೆ. ದೊಡ್ಡ ಸಂಸ್ಥೆ ಮುಚ್ಚುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಗಣಿ, ಕಾರ್ಖಾನೆ, ತೋಟಗಳಿಗಷ್ಟೇ ಅನ್ವಯಿಸುತ್ತದೆ. ಬಿಜಿಎಂಎಲ್ ಕಾರ್ಮಿಕರು ಆ ಅನುಮತಿಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಬಹುದಿತ್ತು, ಹೋದರು. ಗೇಮ್ ಸ್ಟುಡಿಯೋ ಈ ಮೂರೂ ಅಲ್ಲ. ಷೇರುಗಳು ಮಾತ್ರ ಕೈಬದಲಾದಾಗ ಕಾನೂನಿನ ಕಣ್ಣಿಗೆ ಉದ್ಯೋಗದಾತ ಬದಲಾಗಿಯೇ ಇರುವುದಿಲ್ಲ.

ಆದರೆ ಒಪ್ಪಂದ ಘೋಷಣೆಯಾಗಿ ಒಪ್ಪಿಗೆ ಬಾಕಿಯಿರುವ ತಿಂಗಳುಗಳಲ್ಲಿ ಕೊಳ್ಳುವವನು ಎಂದಿಗಿಂತ ಮೆತ್ತಗಿರುತ್ತಾನೆ. ಮೈಕ್ರೋಸಾಫ್ಟ್ ಪ್ರಕರಣದಲ್ಲಿ ಬ್ರಿಟನ್ನಿನ ನಿಯಂತ್ರಕರು ಮೊದಲು ಬೇಡವೆಂದರು, ಕ್ಲೌಡ್ ಹಕ್ಕುಗಳನ್ನು ಯೂಬಿಸಾಫ್ಟ್ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಒಪ್ಪಿದರು. ಅದೇ ಅವಧಿಯಲ್ಲಿ, 2022ರ ಜೂನಿನಲ್ಲಿ, ಅಮೆರಿಕದ ಸಂಪರ್ಕ ಕಾರ್ಮಿಕರ ಸಂಘ ಆಕ್ಟಿವಿಷನ್ ನೌಕರರು ಸಂಘ ಕಟ್ಟಿಕೊಳ್ಳಲು ಮೈಕ್ರೋಸಾಫ್ಟ್ ಅಡ್ಡಿಮಾಡುವುದಿಲ್ಲವೆಂಬ ಬರಹದ ಒಪ್ಪಂದ ಪಡೆಯಿತು, ಪ್ರತಿಯಾಗಿ ಖರೀದಿಗೆ ಬೆಂಬಲ ಕೊಟ್ಟಿತು. 1,900 ಜನರ ಕಡಿತವನ್ನು ಅದು ತಡೆಯಲಿಲ್ಲ, ಅದು ಆ ಒಪ್ಪಂದದಲ್ಲಿ ಇರಲೂ ಇಲ್ಲ. ಆದರೆ ಕೇಳಿದ್ದು ಸಿಕ್ಕಿತು. ಕೆಜಿಎಫ್‌ನಲ್ಲಿ ಈ ಪಾಠಕ್ಕೆ ಉಪಯೋಗವಿದೆ: 1960ರ ದಶಕದಿಂದ ಅಲ್ಲಿರುವ ಬೆಮೆಲ್ ಕಾರ್ಖಾನೆಯ ಒಡೆಯ ಕಂಪನಿಯ ಶೇ 26ರಷ್ಟು ಪಾಲನ್ನು ಆಡಳಿತ ಹಿಡಿತದೊಂದಿಗೆ ಮಾರಲು ಕೇಂದ್ರ 2021ರ ಜನವರಿಯಲ್ಲಿ ಆಸಕ್ತರನ್ನು ಕರೆದಿತ್ತು. ಅಂಥ ಮಾರಾಟ ಎಂದಾದರೂ ಮತ್ತೆ ಮುನ್ನೆಲೆಗೆ ಬಂದರೆ ಅಲ್ಲಿನ ಕಾರ್ಮಿಕ ಸಂಘ ಕೊಳ್ಳುವವನ ಹೆಸರಿಗಿಂತ ಮೊದಲು ಕೇಳಬೇಕಾದದ್ದು ಎರಡು: ಘಟಕ ಮುಚ್ಚಬೇಕಾದರೆ ಎಷ್ಟು ತಿಂಗಳ ಮುನ್ಸೂಚನೆ, ಮತ್ತು ಮುಚ್ಚುವ ಬದಲು ಬೇರೊಬ್ಬರಿಗೆ ಮಾರುವ ಪ್ರಯತ್ನ ಕಡ್ಡಾಯವೇ ಎಂಬುದು.